ಅರಳಗೋಡಿನ ಕಾಡಂಚಿನಲ್ಲಿ ಉಣುಗು ಹುಡುಕುತ್ತಾ

ಫೆಬ್ರವರಿಯಲ್ಲಿ ತಾಳಗುಪ್ಪದಲ್ಲಿ ರೈಲಿಳಿದವರೆಲ್ಲ ಜೋಗದ ಕಡೆ ಹೊರಟರು. ನಾನು ಅರಳಗೋಡಿಗೆ ಹೋದೆ. ಸಾಗರ ತಾಲ್ಲೂಕಿನ ಈ ಊರಿನ ಸುತ್ತಮುತ್ತ 2018ರ ಕೊನೆಯಿಂದ 2019ರವರೆಗೆ ಮಂಗಗಳಿಗೂ ಮನುಷ್ಯರಿಗೂ ಬರುವ ವೈರಸ್ ಜ್ವರ, ಮಂಗನ ಕಾಯಿಲೆ, ಜೀವಗಳನ್ನೇ ತೆಗೆದುಕೊಂಡಿತ್ತು. ಈ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು, ಅಂದರೆ ಪ್ರಾಣಿಗಳ ಮೈಗೆ ಕಚ್ಚಿಕೊಂಡು ರಕ್ತ ಕುಡಿಯುವ ಉಣ್ಣೆ.

ಉಣುಗಿನ ಬಗ್ಗೆ ಓದಿಕೊಂಡಿದ್ದ ಗೆಳೆಯ ಜೊತೆಗಿದ್ದ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್‌ ಒಳಗೆ ಸೇರಿಸಿ, ಮೈಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚಿಕೊಂಡೇ ಹೊರಟೆವು. ಅವನ ಕೈಯಲ್ಲಿ ಕೋಲಿಗೆ ಕಟ್ಟಿದ ಬಿಳಿ ಫ್ಲ್ಯಾನೆಲ್ ಬಟ್ಟೆ. ಅದನ್ನು ನೆಲದ ಮೇಲೆ ಎಳೆಯುತ್ತಾ ಹೋದರೆ ಪ್ರಾಣಿ ಬಂತೆಂದು ಉಣುಗು ಹತ್ತಿಕೊಳ್ಳುತ್ತದೆ.

ದಟ್ಟ ಕಾನಿನ ಒಳಗೇ ಜಾಸ್ತಿ ಸಿಗುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಅಲ್ಲಿ ಬಟ್ಟೆ ಹೆಚ್ಚುಕಮ್ಮಿ ಖಾಲಿಯೇ ಬಂತು. ತೋಟದ ಬೇಲಿ ದಾಟಿ, ಊರವರು ಸೊಪ್ಪು, ಒಣ ಎಲೆ ತರುವ ಸೊಪ್ಪಿನ ಬೆಟ್ಟದಲ್ಲಿ ದನ ಓಡಾಡುವ ಕಾಲುದಾರಿಗೆ ಬಂದೆವು. ಲಂಟಾನದ ಬುಡದಲ್ಲಿ ಒಂದು ಸಲ ಎಳೆದದ್ದೇ, ಬಟ್ಟೆಯ ತುಂಬ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಹರಿದಾಡಿದವು. ಇವು ಮರಿ ದಾಟಿದ, ಇನ್ನೂ ಬಲಿಯದ ಉಣುಗುಗಳು. ಮನುಷ್ಯನಿಗೆ ಕಾಯಿಲೆ ಹೆಚ್ಚಾಗಿ ಅಂಟುವುದು ಇವುಗಳಿಂದಲೇ.

ಹೀಗೇಕೆ ಎಂದರೆ ಕಾರಣ ದನ ಮತ್ತು ಮಳೆ. ಮೊದಲ ಮಳೆ ಬಿದ್ದ ಮೇಲೆ ಬಲಿತ ಉಣುಗು ದನ, ಕಾಡುಕೋಣ, ಜಿಂಕೆಗಳ ಮೈ ಹತ್ತುತ್ತದೆ. ರಕ್ತ ಕುಡಿದ ಹೆಣ್ಣು ಕೆಳಗೆ ಬಿದ್ದು ದರಗಿನ (ಉದುರಿದ ಒಣ ಎಲೆಯ) ಅಡಿ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ಪೊರೆ ಬಿಟ್ಟು ಎಂಟು ಕಾಲು ಬರುವಾಗ ನವೆಂಬರ್ ಕಳೆದಿರುತ್ತದೆ. ಅಲ್ಲಿಂದ ಮೇ ತನಕ ಇವುಗಳದೇ ಕಾಲ. ದನ ಮೇಯುವ ಅಂಚಿನಲ್ಲೇ ಮೊಟ್ಟೆ ಬೀಳುವುದರಿಂದ ಸಂತತಿಯೂ ಅಲ್ಲೇ ದಟ್ಟ. ಸತ್ತ ಮಂಗದ ಸುತ್ತಲಿನ ಜಾಗ ಇನ್ನೂ ಅಪಾಯದ್ದು. ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಇಳಿದು ಅಲ್ಲೇ ಕಾಯುತ್ತವೆ.

ಮಳೆಗಾಲದಲ್ಲಿ ದನದ ಕಿವಿಯಲ್ಲಿ ಜೋತಾಡುವ ದಪ್ಪ ಉಣುಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೇಸಿಗೆಯ ಈ ಚುಕ್ಕೆಗಳು ಯಾರಿಗೂ ಕಾಣುವುದಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ.

ಬೆಟ್ಟದ ಇಳಿಜಾರಿನಲ್ಲಿ ಹೆಂಗಸರು ದರಗು ಗುಡಿಸುತ್ತಿದ್ದರು. ತೋಳಿಗೆ ಎಣ್ಣೆ ಹಚ್ಚಿದ್ದರು, ಕಾಲು ಮಾತ್ರ ಬರಿದು. ಈ ಕೆಲಸವನ್ನು ಮುಂದೆ ಹಾಕಬಹುದಲ್ಲ ಎಂದು ಕೇಳಿದೆ. "ಎಲೆ ಉದುರೋದೇ ಈಗ. ಮಳೆ ಬಿದ್ರೆ ಕೊಳೆಯುತ್ತೆ. ಕೊಟ್ಟಿಗೆಗೆ ಹಾಸೋಕೆ ಆಮೇಲೆ ಏನು ತರೋದು?" ಎಂದರು ಒಬ್ಬರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕಾಡಿಗೆ ಹೋಗಬೇಡಿ ಎನ್ನುವ ಬುದ್ಧಿಮಾತು ಇಲ್ಲಿ ನಡೆಯುವುದಿಲ್ಲ. ಕಾಲಿಗೂ ಹಚ್ಚುವಷ್ಟು ಎಣ್ಣೆ ನವೆಂಬರ್‌ನಲ್ಲೇ ಪ್ರತಿ ಮನೆ ಸೇರಿರಬೇಕು. ಸಂಜೆ ಅವರು ಹೊರೆ ಇಳಿಸಿದವರೇ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ನೇರ ಬಚ್ಚಲಿಗೆ ಹೋದರು. ನಾವೂ ಹಾಗೇ ಮಾಡಿದೆವು.