ನಮ್ಮ ಮನೆಯ ಟೀಚರ್

ನಮ್ಮನೆಯವಳು ತೀರಿಕೊಂಡು ಈ ಆಷಾಢಕ್ಕೆ ವರ್ಷವಾಯಿತು. ತಿಥಿಯ ದಿನ ಊಟಕ್ಕೆ ಕೂತವರಲ್ಲಿ ಅರ್ಧಕ್ಕರ್ಧ ಜನ ಊರಿನ ಅಂಗನವಾಡಿಯಲ್ಲಿ ಅವಳ ಹತ್ತಿರ ಅ ಆ ಕಲಿತವರೇ. ಕೂಸನ್ನು ಸೊಂಟದ ಮೇಲೆ ಹೊತ್ತು ಬಂದಿದ್ದ ತಾಯಂದಿರಿಗೂ ಅವಳೇ ಟೀಚರ್, ಆ ಕೂಸುಗಳಿಗೂ ಅವಳೇ.

ನಮ್ಮದು ತಿ. ನರಸೀಪುರ ತಾಲ್ಲೂಕಿನ ಹಳ್ಳಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ನಮ್ಮ ತಾಲ್ಲೂಕನ್ನೇ. ಅವಳಿಗೆ ಅದು ಎಷ್ಟು ಹೆಮ್ಮೆ! ಹೊಸ ಸೂಪರ್‌ವೈಸರ್ ಬಂದರೆ ಮೊದಲು ಹೇಳುತ್ತಿದ್ದ ಮಾತೇ ಅದು.

ನಾನು ಟೈಲರ್. ಮಕ್ಕಳನ್ನು ತೂಗುವ ಜೋಲಿಯನ್ನು ನನ್ನ ಹತ್ತಿರವೇ ಹೊಲಿಸುತ್ತಿದ್ದಳು. ಕೊಟ್ಟಿದ್ದ ಜೋಲಿ ತೊಡೆಗೆ ಒತ್ತುತ್ತದೆ, ಮಕ್ಕಳು ಅಳುತ್ತವೆ ಅನ್ನೋದು ಅವಳ ದೂರು. ಹಳೇ ಹತ್ತಿ ಸೀರೆ, ಎರಡು ಪದರ, ಕಾಲು ತೂರಿಸುವಲ್ಲಿ ಅಗಲವಾದ ಪಟ್ಟಿ. ಬರೀ ಜೋಲಿಯನ್ನು ತಕ್ಕಡಿಗೆ ನೇತುಹಾಕಿ, ಮುಳ್ಳನ್ನು ಸೊನ್ನೆಗೆ ತಂದು, ಆಮೇಲೇ ಮಗುವನ್ನು ಕೂರಿಸುತ್ತಿದ್ದಳು. ತೂಕವನ್ನು ಚಾರ್ಟಿನಲ್ಲಿ ಚುಕ್ಕೆ ಇಟ್ಟು ಗುರುತು ಹಾಕುವುದು. ಹಸಿರಿನಲ್ಲಿದ್ದರೆ ಸರಿ, ಹಳದಿಗೆ ಇಳಿದರೆ ಎಚ್ಚರ, ಕಿತ್ತಳೆ ಬಣ್ಣಕ್ಕೆ ಬಂದರೆ ಅವಳಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ನಮ್ಮ ಮಗ ಚಿಕ್ಕವನಿದ್ದಾಗ ಭೇದಿಯಾಗಿ ಸೊರಗಿದ. ಅವನ ಚುಕ್ಕೆಯೂ ಹಳದಿಗೆ ಇಳಿಯಿತು. ಊರಿನ ಮಕ್ಕಳ ಚಾರ್ಟುಗಳ ಜೊತೆಗೇ ಅದನ್ನೂ ಸೂಪರ್‌ವೈಸರ್ ಮುಂದಿಟ್ಟಳು.

"ಟೀಚರ್ ಮಗನೇ ಹಿಂಗಾದ್ರೆ ಊರವರು ಏನಂದಾರು?" ಅಂತ ನಮ್ಮವ್ವ ಬೈದಳು.

"ನನ್ನ ಮಗನಿಗೆ ಅಂತ ಬೇರೆ ಚಾರ್ಟ್ ಇಲ್ಲ ಅತ್ತೆ" ಅಂದಳು ಇವಳು.

ಮೊಳಕೆ ಹೆಸರುಕಾಳು, ರಾಗಿ ಹುರಿಹಿಟ್ಟು, ಮೊಟ್ಟೆ. ಹುಡುಗ ನಿಧಾನಕ್ಕೆ ಮೇಲಕ್ಕೆ ಬಂದ. ಆಮೇಲೆ ವರ್ಷಗಟ್ಟಲೆ ಆ ಚಾರ್ಟನ್ನು ಬೇರೆ ತಾಯಂದಿರಿಗೆ ತೋರಿಸುತ್ತಿದ್ದಳು. "ನನ್ನ ಮಗಂದೂ ಇಳಿದಿತ್ತು, ಹೆಂಗೆ ಹತ್ತಿದೆ ನೋಡವ್ವ." ನಾಚಿಕೆಯಿಂದ ತಲೆ ತಗ್ಗಿಸಿದ್ದವರು ತಲೆ ಎತ್ತಿ ಮಾತಾಡುತ್ತಿದ್ದರು.

2017ರಲ್ಲಿ ಮಾತೃಪೂರ್ಣ ಬಂತು. ಬಸುರಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕು. ಸೊಸೆ ಹೊರಗೆ ಹೋಗಿ ಉಣ್ಣುವುದೇ ಅಂತ ಕೆಲವು ಅತ್ತೆಯರಿಗೆ ಸಿಟ್ಟು. ಇವಳು ಮನೆಗೇ ಹೋಗಿ, ಕೊಡೆ ಹಿಡಿದು ಕರೆತರುತ್ತಿದ್ದಳು. ಬೇರೆ ಬೇರೆ ಬೀದಿಯವರು ಒಂದೇ ಸಾಲಲ್ಲಿ ಕೂರಲು ಹಿಂದುಮುಂದು ನೋಡಿದರೆ, ಮನೆಯಿಂದ ತಂದ ಮುದ್ದೆಯ ಡಬ್ಬಿ ಬಿಚ್ಚಿಕೊಂಡು ತಾನೇ ನಡುವೆ ಕೂತುಬಿಡುತ್ತಿದ್ದಳು.

ಅದೇ ವರ್ಷ ಮಾರ್ಚ್‌ನಲ್ಲಿ ಗೌರವಧನ ಹೆಚ್ಚಿಸಿ ಅಂತ ಸಾವಿರಾರು ಅಂಗನವಾಡಿಯವರು ಬೆಂಗಳೂರಿನ ರಸ್ತೆಯಲ್ಲೇ ಮಲಗಿದ್ದರಲ್ವಾ, ಅವರಲ್ಲಿ ಇವಳೂ ಒಬ್ಬಳು. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ರಸ್ತೆಯಲ್ಲಿ ಕೂತೇ ಫೋನಿನಲ್ಲಿ ಸಮಾಜದ ಪ್ರಶ್ನೆಗಳನ್ನು ಕೇಳಿ, ಉತ್ತರ ಒಪ್ಪಿಸಿಕೊಂಡಳು. ಹಿಂದಿನಿಂದ ಘೋಷಣೆ ಕೇಳುತ್ತಿತ್ತು ಅಂತ ಮಗಳು ಈಗಲೂ ಹೇಳುತ್ತಾಳೆ. ಆ ಬೇಡಿಕೆ ನ್ಯಾಯವಾದದ್ದು. ಇವಳಂಥವರಿಗೆ ನಾವು ಕೊಟ್ಟಿದ್ದು ತೀರಾ ಕಡಿಮೆ.

ಗೌರಿ ಹಬ್ಬದ ಮುಂಚೆ ನನಗೆ ಬ್ಲೌಸುಗಳ ರಾಶಿ. ರಾತ್ರಿ ಹುಕ್ಕು ಹಾಕುವುದು, ಹೆಮ್ಮಿಂಗ್ ಮಾಡುವುದು ಅವಳೇ. ಸೂಜಿ ಓಡುತ್ತಿದ್ದ ಹಾಗೇ ಯಾವ ಮಗುವಿಗೆ ಹಲ್ಲು ಬಂತು, ಯಾರು ಚುಚ್ಚುಮದ್ದು ತಪ್ಪಿಸಿದರು, ಎಲ್ಲ ಹೇಳುತ್ತಿದ್ದಳು. ಈಗ ರಾತ್ರಿ ಮಿಷನ್ ಮುಂದೆ ಕೂರಲು ನನಗೆ ಆಗುವುದಿಲ್ಲ.

ಮಕ್ಕಳಿಗಾಗಿ ಅವಳೇ ಕಟ್ಟಿದ ಹಾಡುಗಳಿವೆ. ಮಗಳು ಬರೆದಿಡುತ್ತಿದ್ದಾಳೆ. ಕೈ ತೊಳೆಯುವ ಹಾಡು ಪೂರ್ತಿ ಸಿಕ್ಕಿದೆ. ನುಗ್ಗೆಸೊಪ್ಪಿನ ಹಾಡಿನಲ್ಲಿ ನಡುವಿನ ಸಾಲುಗಳು ನಮಗಿಬ್ಬರಿಗೂ ಬರುತ್ತಿಲ್ಲ. ಅವಳ ಹತ್ತಿರ ಕಲಿತವರಿಗೆ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಅಂಗಡಿಗೆ ಬಂದು ಹಾಡಿ. ಸಂಜೆ ಏಳರವರೆಗೆ ಅಲ್ಲೇ ಇರುತ್ತೇನೆ.