ಬೋನಾಳ ಕೆರೆಗೆ ಹೋದರೆ ಕತ್ತಲಾಗುವವರೆಗೂ ಇರಿ

ಯಾದಗಿರಿ ಜಿಲ್ಲೆಯ ಬೋನಾಳ ಪಕ್ಷಿಧಾಮಕ್ಕೆ ಹೋಗುವವರು ಸಾಮಾನ್ಯವಾಗಿ ಮಧ್ಯಾಹ್ನ ಬಂದು, ನಾಲ್ಕು ಫೋಟೊ ತೆಗೆದು, ಬಿಸಿಲು ಇಳಿಯುತ್ತಿದ್ದಂತೆ ಗಾಡಿ ಹತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ನೋಡಬೇಕಾದ್ದು ಹಕ್ಕಿಗಳು ರಾತ್ರಿ ತಂಗಲು ಹಿಂಡುಹಿಂಡಾಗಿ ಬಂದಿಳಿಯುವುದನ್ನು, ಅದು ಶುರುವಾಗುವುದೇ ಆಗ. ಹೊತ್ತು ಮುಳುಗುವ ಮುಂಚಿನ ಅರ್ಧ ಗಂಟೆ, ಮುಳುಗಿದ ಮೇಲಿನ ಅರ್ಧ ಗಂಟೆ. ಅಷ್ಟಕ್ಕಾಗಿಯೇ ಹೋಗಿ.

ಬೋನಾಳ ಸುರಪುರದಿಂದ ಸುಮಾರು 10 ಕಿ.ಮೀ. ರೈಲಿನಲ್ಲಿ ಬರುವವರು ಯಾದಗಿರಿಯಲ್ಲಿ ಇಳಿದು ಶಹಾಪುರದ ಮೇಲೆ ಸುರಪುರಕ್ಕೆ ಬಸ್ ಹಿಡಿಯಬಹುದು. ಕಲಬುರಗಿಯವರಿಗೆ ಜೇವರ್ಗಿ ದಾರಿ. ಹೋಗುವುದು ಸಲೀಸು, ಕತ್ತಲಾದ ಮೇಲೆ ವಾಪಸ್ ಬರುವುದೇ ಕಷ್ಟ. ಸುರಪುರದಲ್ಲೇ ಆಟೋ ಮಾತಾಡಿ, ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೂ ಮೊದಲೇ ಹೇಳಿಬಿಡಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಆಗ ಹೊತ್ತು ಮುಳುಗುವುದು 6 ಗಂಟೆ ಆಸುಪಾಸು, ನೀವು 5ಕ್ಕೆಲ್ಲ ಕೆರೆ ಏರಿ ಮೇಲಿರಬೇಕು.

ಕೆರೆ 17ನೇ ಶತಮಾನದ್ದು, ಸುರಪುರದ ಅರಸ ಪಾಮನಾಯಕ ಕಟ್ಟಿಸಿದ್ದು. 19ನೇ ಶತಮಾನದಲ್ಲಿ ಇಲ್ಲಿನ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ದುರಸ್ತಿ ಮಾಡಿಸಿದ. ಸುರಪುರದ ಗುಡ್ಡದ ಮೇಲೆ ಅವನ ಬಂಗಲೆ ಟೇಲರ್ ಮಂಜಿಲ್ ಇದೆ, ಹಗಲು ಹೊತ್ತು ಅಲ್ಲಿ ಕಳೆಯಬಹುದು.

ಮೊದಲು ಬರುವುದು ಬೆಳ್ಳಕ್ಕಿ. ನಾರಾಯಣಪುರ ಕಾಲುವೆ ನೀರು ಹರಿಯುವ ಗದ್ದೆಗಳಲ್ಲಿ ಹಗಲೆಲ್ಲ ಹುಳ ಹೆಕ್ಕಿ, ಸಂಜೆ ಸಾಲುಸಾಲಾಗಿ ನೀರಿಗೆ ತಾಗುವಷ್ಟು ಕೆಳಗೆ ಹಾರಿ ಬರುತ್ತವೆ. ಹಿಂದೆಯೇ ಕೆಂಬರಲು, ನೀರುಕಾಗೆ. ಒಂದೇ ಕೊಂಬೆಗೆ ಜಗಳ ಬೀಳುತ್ತದೆ. ಮೊದಲೇ ಕೂತಿದ್ದ ಬೆಳ್ಳಕ್ಕಿ ಕುತ್ತಿಗೆ ಚಾಚಿ ಗದರುತ್ತದೆ, ಬಂದದ್ದು ಮೇಲೆದ್ದು ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿಯುತ್ತದೆ. ಇದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಕಾಗುವುದಿಲ್ಲ.

ಗುಲಾಬಿ ಕಬ್ಬಕ್ಕಿಗಳ ದಾರಿಯೇ ಬೇರೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಇವು ಜೋಳದ ಹೊಲದಲ್ಲಿ ಕವಣೆ ಕಲ್ಲಿಗೆ ಗುರಿಯಾಗುವ ಹಕ್ಕಿಗಳು. ಆದರೆ ಮಿಡತೆಯನ್ನೂ ರಾಶಿರಾಶಿ ತಿನ್ನುತ್ತವೆ, ಅದನ್ನು ಮರೆಯಬಾರದು ಅಲ್ವಾ? ಏರಿ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಜಾಲಿ ಕಂಟಿ ತೋರಿಸಿ, "ಸಪ್ಪಳ ಮಾಡಬ್ಯಾಡ್ರಿ, ಈಗ ಬರ್ತಾವು" ಅಂದರು. ಬಂದವು. ಹಿಂಡು ಒಮ್ಮೆ ಹಿಗ್ಗಿತು, ಕುಗ್ಗಿತು, ತಿರುಗಿತು. ಗಿಡುಗವೊಂದು ಕಾಣುತ್ತಿದ್ದಂತೆ ಒತ್ತೊತ್ತಾಗಿ ಕಪ್ಪಾಯಿತು. ಇಷ್ಟು ಹಕ್ಕಿ ಡಿಕ್ಕಿ ಹೊಡೆಯದೆ ಹೇಗೆ ತಿರುಗುತ್ತವೆ? ಇವುಗಳ ಹತ್ತಿರದ ನೆಂಟ ಯುರೋಪಿನ ಕಬ್ಬಕ್ಕಿಯ ಬಗ್ಗೆ ವಿಜ್ಞಾನಿಗಳು ರೋಮ್ ನಗರದಲ್ಲಿ ಅಧ್ಯಯನ ಮಾಡಿ 2008ರಲ್ಲಿ ಉತ್ತರ ಪ್ರಕಟಿಸಿದರು. ಪ್ರತಿ ಹಕ್ಕಿಯೂ ತನ್ನ ಪಕ್ಕದ ಆರೇಳು ಹಕ್ಕಿಗಳನ್ನಷ್ಟೇ ಗಮನಿಸುತ್ತದೆ.

ಕಬ್ಬಕ್ಕಿ ಯಾವ ಕಂಟಿಗೆ ಇಳಿಯುತ್ತವೆ ಅನ್ನುವುದನ್ನು ಹಗಲಲ್ಲೇ ಹುಡುಕಿಟ್ಟುಕೊಳ್ಳಿ. ಎಲೆ, ನೆಲ ಎಲ್ಲ ಹಿಕ್ಕೆಯಿಂದ ಬೆಳ್ಳಗಾಗಿರುತ್ತದೆ, ವಾಸನೆಯೂ ಹೊಡೆಯುತ್ತದೆ. ಸಂಜೆ ಮಾತ್ರ ಆ ಕಡೆ ಹೆಜ್ಜೆ ಇಡಬೇಡಿ, ದೂರವೇ ನಿಲ್ಲಿ. ಮಲಗಲು ಬಂದ ಹಕ್ಕಿ ಬೆದರಿ ಎದ್ದರೆ ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕು. ಡ್ರೋನ್, ಫ್ಲ್ಯಾಶ್, ಚಪ್ಪಾಳೆ ತಟ್ಟಿ ಹಾರಿಸುವುದು ಯಾವುದೂ ಬೇಡ. ಹಿಂಡು ಹಾರಲಿ ಅಂತ ಕಲ್ಲೆಸೆಯುವವರನ್ನು ಕಂಡರೆ ಸುಮ್ನೆ ಇರಬೇಡಿ, ತಡೆಯಿರಿ.

ಬೈನಾಕ್ಯುಲರ್, ತಲೆಗೊಂದು ಟೊಪ್ಪಿಗೆ, ಸೊಳ್ಳೆಗೆ ಹಚ್ಚುವ ಮುಲಾಮು, ವಾಪಸ್ ನಡೆಯಲು ಟಾರ್ಚು ಇರಲಿ. ಬೆಳಕಿರುವಾಗ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಿ, ಮುಳುಗಿದ ಮೇಲೆ ಪಡುವಣಕ್ಕೆ ತಿರುಗಿ. ಕೆಂಪು ಬಾನಿಗೆ ಹಿಂಡು ಚೆನ್ನಾಗಿ ಕಾಣುತ್ತದೆ.

ಆಮೇಲೆ ಹೊರಡುವ ಆತುರ ಬೇಡ, ಪಟ್ಟೆತಲೆ ಹೆಬ್ಬಾತುಗಳು ಇನ್ನೂ ಬಾಕಿ. ಹಿಮಾಲಯ ದಾಟಿ ಬರುವ ಇವು ಹಗಲು ನೀರಿನಲ್ಲಿ ವಿಶ್ರಾಂತಿ ಪಡೆದು, ಉಳಿದವು ಮಲಗುವ ಹೊತ್ತಿಗೆ ಮೇಯಲು ಹೊಲಗದ್ದೆಗೆ ಹೊರಡುತ್ತವೆ. ಕೆರೆ ಆಗ ಸಂಜೆಯ ಬಸ್ ನಿಲ್ದಾಣವೇ, ಬರುವವರೂ ಇದ್ದಾರೆ, ಹೋಗುವವರೂ ಇದ್ದಾರೆ. ಅವು ಮೇವು ಮುಗಿಸಿ ವಾಪಸ್ ಇಳಿಯುವುದನ್ನೂ ನೋಡಬೇಕಂದರೆ ಸುರಪುರದಲ್ಲೇ ಉಳಿಯಿರಿ. ಆಟೋದವರಿಗೆ ರಾತ್ರಿಯೇ ಹೇಳಿಟ್ಟು, ಬೆಳಿಗ್ಗೆ 6ಕ್ಕೆ ಮತ್ತೆ ಏರಿ ಮೇಲಿರಿ.