ಶೀಷೆಯ ತಳದ ವಿಷ

ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯವರ ಆರಂಭದ ಪುಸ್ತಕಗಳನ್ನು ಈಚೆಗೆ ಮತ್ತೆ ಓದುವಾಗ, 1920ರಲ್ಲಿ ಪ್ರಕಟವಾದ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಔಷಧಕ್ಕೆ ಬ್ರೋಮೈಡ್ ಲವಣ ಬೆರೆತಾಗ ಅದರಲ್ಲಿರುವ ಸ್ಟ್ರಿಕ್‌ನೈನ್ ಎಂಬ ವಿಷ ಹರಳುಗಟ್ಟಿ ಶೀಷೆಯ ತಳಕ್ಕಿಳಿಯುತ್ತದೆ, ಕೊನೆಯ ಗುಟುಕೇ ಪ್ರಾಣ ತೆಗೆಯುತ್ತದೆ (ಇನ್ನೂ ಓದದವರು ಕ್ಷಮಿಸಬೇಕು); ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಟಾರ್ಕೀ ಪಟ್ಟಣದ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದ ಅನುಭವವೇ ಇಂಥ ಸೂಕ್ಷ್ಮವನ್ನು ಅವರಿಗೆ ಕೊಟ್ಟಿತೆಂದು ನನಗನ್ನಿಸುತ್ತದೆ. 1922ರ ‘ದಿ ಸೀಕ್ರೆಟ್ ಅಡ್ವರ್ಸರಿ’ ಅಷ್ಟು ಬಿಗಿಯಾಗಿಲ್ಲ.

‘ಡಾಕ್ಟರ್’ ಎಂಬ ನಾಯಕ ಕಾಲದಲ್ಲಿ ಹಿಂದೆ ಮುಂದೆ ಪಯಣಿಸುವ ಬ್ರಿಟಿಷ್ ಟಿವಿ ಸರಣಿ ‘ಡಾಕ್ಟರ್ ಹೂ’ವಿನ 2008ರ ಕಂತೊಂದು, 1926ರ ಡಿಸೆಂಬರಿನಲ್ಲಿ ಕ್ರಿಸ್ಟಿ ಹಲವು ದಿನ ಕಣ್ಮರೆಯಾಗಿದ್ದ ಘಟನೆಗೆ ದೈತ್ಯ ಕಣಜದ ಹುಳುವೊಂದನ್ನು ತಳುಕು ಹಾಕುತ್ತದೆ. ಕಲ್ಪನೆ ವಿಪರೀತವೆನಿಸಿದರೂ, ಐನೂರು ಕೋಟಿಯ ಇಸವಿಯಲ್ಲಿ ಮರುಮುದ್ರಣಗೊಂಡ ಆಕೆಯ ಪುಸ್ತಕವನ್ನು ಡಾಕ್ಟರ್ ಪೆಟ್ಟಿಗೆಯಿಂದ ಹೊರತೆಗೆಯುವ ಕ್ಷಣದಲ್ಲಿ ನನ್ನ ಕಣ್ಣು ತೇವವಾಯಿತು.